ಕೆಂಪು ಚುಕ್ಕಿಯ ಪೊಟ್ಟಣಗಳು

ಪ್ರಯೋಗಾಲಯದಲ್ಲಿ ಅವಳು ಎಲ್ಲರಿಗೂ ಮೇಡಂ. ಮನೆಯಲ್ಲಿ ಮಾತ್ರ, ನೆತ್ತಿಯಲ್ಲಿ ಬಿಳಿಕೂದಲು ಇಣುಕಿದ ಮೇಲೂ, ಹೆಸರಿಗೆ ಡಾಕ್ಟರ್ ಎಂದು ಅಂಟಿಕೊಂಡ ಮೇಲೂ, ಪುಟ್ಟಿಯೇ. ಅಮ್ಮ ತೀರಿಕೊಂಡ ಮೇಲೆ ಅವಳನ್ನು ಸಾಕಿ ಓದಿಸಿದ್ದು ಅಕ್ಕ. ಅಕ್ಕನ ಬಾಯಿಂದ ಆ ಹೆಸರನ್ನು ಬಿಡಿಸಲು ಯಾರಿಂದಲೂ ಆಗಲಿಲ್ಲ. ನಾವೂ ಹಾಗೆಯೇ ಕರೆಯೋಣ.

ಪುಟ್ಟಿ ತನ್ನ ಪ್ರಾಯವನ್ನೆಲ್ಲ ಸುರಿದದ್ದು ಉಗುರಗಲದ ಒಂದು ಸೆನ್ಸರ್ ಪಟ್ಟಿಯ ಮೇಲೆ. ಅದರ ತುದಿಗೆ ಚಿನ್ನದ ತೆಳು ಲೇಪ, ಆ ಲೇಪದ ಮೇಲೆ ಒಂದೇ ಒಂದು ಜಾತಿಯ ಬ್ಯಾಕ್ಟೀರಿಯಾವನ್ನು ಗುರುತು ಹಿಡಿದು ಅಪ್ಪಿಕೊಳ್ಳುವ ಅಣುಗಳ ಸಾಲು. ಬ್ಯಾಕ್ಟೀರಿಯಾ ಬಂದು ಅಂಟಿಕೊಂಡರೆ ಪಟ್ಟಿಯಲ್ಲಿ ಹರಿಯುವ ವಿದ್ಯುತ್ತು ತುಸು ಬದಲಾಗುತ್ತದೆ, ಯಂತ್ರದಲ್ಲಿ ಕೆಂಪು ದೀಪ ಹತ್ತುತ್ತದೆ. ಇಲ್ಲದಿದ್ದರೆ ಹಸಿರು. ಹೇಳುವುದಕ್ಕೆ ಇಷ್ಟೇ. ಮಾಡುವುದಕ್ಕೆ ಮಾತ್ರ ಅವಳ ಕಣ್ಣಿನ ಕೆಳಗೆ ಕಪ್ಪು ಕಟ್ಟಿತು. ಒಮ್ಮೆ ಅಣುಗಳು ಲೇಪದಿಂದ ಕಿತ್ತುಕೊಂಡು ಬಂದವು, ಇನ್ನೊಮ್ಮೆ ಪಟ್ಟಿ ಹಾಲಿನ ಜಿಡ್ಡನ್ನೇ ಬ್ಯಾಕ್ಟೀರಿಯಾ ಎಂದು ನಂಬಿ ಕಂಡದ್ದಕ್ಕೆಲ್ಲ ಕೆಂಪು ತೋರಿಸಿ ಅವಳ ಮಾನ ಕಳೆಯಿತು.

ಅವಳು ಹಿಡಿಯಲು ಹೊರಟಿದ್ದು ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾವನ್ನು. ಅದು ಖದೀಮ. ಬೇರೆಯವು ಫ್ರಿಜ್ಜಿನ ತಂಪಿಗೆ ಮುದುಡಿಕೊಂಡರೆ ಇದು ಅಲ್ಲೂ ಆರಾಮಾಗಿ ಸಂಸಾರ ಬೆಳೆಸುತ್ತದೆ. ತಿಂಡಿಯ ಬಣ್ಣ ಕೆಡುವುದಿಲ್ಲ, ವಾಸನೆ ಬರುವುದಿಲ್ಲ, ರುಚಿಯೂ ಬದಲಾಗುವುದಿಲ್ಲ. ಗಟ್ಟಿಮುಟ್ಟಾದವರು ತಿಂದರೆ ಒಂದೆರಡು ದಿನ ಹೊಟ್ಟೆ ಕೆಟ್ಟೀತು. ಬಸುರಿ ತಿಂದರೆ ಅವಳಿಗೊಂದು ಸಣ್ಣ ಜ್ವರ ಬಂದು ಹೋಗುತ್ತದೆ, ಒಳಗಿನ ಮಗು ಹೊಟ್ಟೆಯಲ್ಲೇ ಸಾಯಬಹುದು. ಹಳೆಯ ರೀತಿಯಲ್ಲಿ ಅದನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ ಕಂಡುಹಿಡಿಯಲು ದಿನಗಟ್ಟಲೆ ಬೇಕಿತ್ತು. ಅಷ್ಟರಲ್ಲಿ ತಿಂಡಿ ಅಂಗಡಿ ಸೇರಿ, ಮನೆ ಸೇರಿ, ಹೊಟ್ಟೆ ಸೇರಿ ಆಗಿರುತ್ತಿತ್ತು. ಪುಟ್ಟಿಯ ಯಂತ್ರದಲ್ಲಿ ಬೆಳಿಗ್ಗೆ ಚೂರು ತಿಂಡಿಯನ್ನು ಬೆಚ್ಚನೆಯ ದ್ರವದಲ್ಲಿ ಹಾಕಿಟ್ಟರೆ ಸಂಜೆಯೊಳಗೆ ಉತ್ತರ ಸಿಗುತ್ತಿತ್ತು.

ಪ್ರಯೋಗಾಲಯದಲ್ಲಿ ಗೆದ್ದರೆ ಸಾಲದು, ನಿಜವಾದ ಕಾರ್ಖಾನೆಯಲ್ಲಿ ಗೆಲ್ಲಬೇಕಿತ್ತು. ದೊಡ್ಡ ಕಂಪನಿಗಳು ಅವಳನ್ನು ಬಾಗಿಲಲ್ಲೇ ನಿಲ್ಲಿಸಿ ನಯವಾಗಿ ಸಾಗಹಾಕಿದವು. ಒಳಗೆ ಕರೆದವನು ಭಾವ, ಅಂದರೆ ಅಕ್ಕನ ಗಂಡ. ಅವನದು ಚೀಸ್ ಸ್ಯಾಂಡ್‌ವಿಚ್, ಕತ್ತರಿಸಿದ ಹಣ್ಣು ಇವನ್ನೆಲ್ಲ ಪೊಟ್ಟಣ ಕಟ್ಟಿ ತಣ್ಣಗೆ ಅಂಗಡಿಗಳಿಗೆ ಕಳಿಸುವ ಕಾರ್ಖಾನೆ.

"ನಮ್ಮನೆ ಹುಡುಗಿ ಮಾಡಿದ್ದನ್ನ ನಾವೇ ನಂಬ್ದೆ ಇದ್ರೆ ಇನ್ಯಾರು ನಂಬ್ತಾರೆ? ತಗೊಂಡ್ ಬಾ ನಿನ್ನ ಯಂತ್ರಾನ" ಎಂದಿದ್ದ. ಪುಟ್ಟಿಗೆ ಕಣ್ಣು ತುಂಬಿ ಬಂದಿತ್ತು. ಪ್ರಯೋಗಾಲಯ ನಡೆಸುತ್ತಿದ್ದ ಸಂಸ್ಥೆಯ ನಿರ್ದೇಶಕರು ಭಾವನ ಜೊತೆ ಒಪ್ಪಂದಕ್ಕೆ ಸಹಿ ಹಾಕಿ, ಕೈಕುಲುಕಿ, ಫೋಟೊ ತೆಗೆಸಿಕೊಂಡರು.

ಯಂತ್ರ ಕೂತಿತು. ಅಲ್ಲಿಯ ಹೆಂಗಸರು ಪುಟ್ಟಿಗೆ ಸೆನ್ಸರಮ್ಮ ಎಂದು ಹೆಸರಿಟ್ಟರು. ಅವಳು ಹಾಕಿಕೊಟ್ಟ ನಿಯಮ ಸುಲಭವಾಗಿತ್ತು: ದೀಪ ನೋಡುವ ತನಕ ಮಾಲು ಶೀತಕೋಣೆಯಿಂದ ಕದಲಕೂಡದು. ಹಸಿರು ಬಂದರೆ ಅಂಗಡಿಗೆ. ಕೆಂಪು ಬಂದರೆ ಪ್ರತಿಯೊಂದು ಪೊಟ್ಟಣಕ್ಕೂ ಕೆಂಪು ಚುಕ್ಕಿಯ ಚೀಟಿ ಹಚ್ಚಿ ಸುಡುವ ಕುಲುಮೆಗೆ. ಕ್ರೇಟಿನ ಮೇಲಷ್ಟೇ ಹಚ್ಚಿದರೆ ಒಂದರ ಪೊಟ್ಟಣ ಇನ್ನೊಂದಕ್ಕೆ ಸೇರೀತು ಎಂದು ಪ್ರತಿ ಪೊಟ್ಟಣಕ್ಕೂ ಚುಕ್ಕಿ ಇರಬೇಕೆಂದು ಹಟ ಹಿಡಿದವಳು ಅವಳೇ.

ಕೆಂಪು ಆಗಾಗ ಬರುತ್ತಿತ್ತು. ಬೆನ್ನಟ್ಟಿ ಹೋದ ಪುಟ್ಟಿಗೆ ಮೂಲವೂ ಸಿಕ್ಕಿತು. ಚೀಸ್ ಕೊಯ್ಯುವ ಯಂತ್ರದ ಅಲಗಿನ ಸಂದಿಯಲ್ಲಿ ಅದು ಬೀಡುಬಿಟ್ಟಿತ್ತು. "ಭಾವ, ಆ ಮಷೀನ್ ಪೂರ್ತಿ ಬಿಚ್ಚಿ ತೊಳೀಬೇಕು. ಆಗ್ಲಿಲ್ಲ ಅಂದ್ರೆ ಬೇರೆ ತರಿಸ್ಬೇಕು" ಎಂದಳು. "ನೋಡೋಣ ಪುಟ್ಟಿ, ಸೀಸನ್ ಮುಗೀಲಿ" ಎಂದ. ಅದೇ ಮಾತನ್ನು ಅವಳು ಮತ್ತೆ ಹೇಳಿದಳು, ಅವನೂ ಅದೇ ಉತ್ತರವನ್ನು ಮತ್ತೆ ಹೇಳಿದ. ಅಷ್ಟು ಮಾಲನ್ನು ಕುಲುಮೆಗೆ ಹಾಕುತ್ತಾ ಇಷ್ಟು ನಿರಾಳವಾಗಿ ಹೇಗಿದ್ದಾನೆ ಎಂಬ ಪ್ರಶ್ನೆ ಅವಳಿಗೆ ಬರಬೇಕಿತ್ತು. ಬರಲಿಲ್ಲ. ನಂಬಿಕೆ ಎಂದರೆ ಹಾಗೆಯೇ, ಪ್ರಶ್ನೆಗಳನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ.

ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆಯುತ್ತಿದ್ದ ಹೆಂಗಸು ಆಗ ಏಳು ತಿಂಗಳ ಬಸುರಿ. ಬಿ.ಪಿ. ಏರಿತೆಂದು ಅವಳನ್ನು ಸರ್ಕಾರಿ ಹೆರಿಗೆ ಆಸ್ಪತ್ರೆಗೆ ಸೇರಿಸಿದ್ದರು. ಒಂದು ಮಧ್ಯಾಹ್ನ ಪುಟ್ಟಿ ಕಿತ್ತಳೆ ಹಿಡಿದುಕೊಂಡು ನೋಡಲು ಹೋದಳು. ಉದ್ದನೆಯ ವಾರ್ಡು, ಫಿನಾಯಿಲ್ ವಾಸನೆ, ಎರಡು ಮಂಚಗಳ ನಡುವೆ ಒಂದೇ ಸ್ಟೂಲು. ಹೆಂಗಸು ಎದ್ದು ಕೂತು ಏನೋ ತಿನ್ನುತ್ತಿದ್ದಳು. ಪುಟ್ಟಿಯನ್ನು ಕಂಡು ನಾಚಿಕೊಂಡು ಬಾಯೊರೆಸಿಕೊಂಡಳು.

"ಬನ್ನಿ ಮೇಡಂ. ಇಲ್ಲಿ ನಮಗೆ ರಾಜೋಪಚಾರ ನೋಡಿ! ಸ್ಯಾಂಡ್‌ವಿಚ್ ಕೊಡ್ತಾರೆ, ಒಳಗಡೆ ಚೀಸ್ ಬೇರೆ. ಯಾರೋ ಪುಣ್ಯಾತ್ಮರು ಕಳಿಸ್ತಾರಂತೆ."

ಪುಟ್ಟಿಯ ಕಣ್ಣು ಅವಳ ಮಡಿಲಲ್ಲಿದ್ದ ಪೊಟ್ಟಣದ ಮೇಲೆ ಬಿತ್ತು. ಕಾರ್ಖಾನೆಯ ಹೆಸರಿದ್ದ ಚೀಟಿಯನ್ನು ಯಾರೋ ಕೆರೆದು ತೆಗೆದಿದ್ದರು. ಮೂಲೆಯಲ್ಲಿದ್ದ ಕೆಂಪು ಚುಕ್ಕಿಯನ್ನು ಕೆರೆಯುವ ಗೋಜಿಗೆ ಯಾರೂ ಹೋಗಿರಲಿಲ್ಲ. ಅದರ ಅರ್ಥ ಇಲ್ಲಿ ಯಾರಿಗೆ ತಾನೆ ಗೊತ್ತು?

ಪುಟ್ಟಿ ಆ ಹೆಂಗಸಿನ ಕೈಯಲ್ಲಿದ್ದುದನ್ನು ಕಿತ್ತುಕೊಂಡಳು. ಪಕ್ಕದ ಮಂಚದವಳ ಕೈಯಿಂದಲೂ ಕಿತ್ತಳು, ಅದರಾಚೆಯವಳ ದಿಂಬಿನ ಬಳಿ ಇದ್ದುದನ್ನೂ ಎತ್ತಿಕೊಂಡಳು. "ತಿನ್ಬೇಡಿ, ಯಾರೂ ತಿನ್ಬೇಡಿ, ಉಗೀರಿ ಅದನ್ನ!" ಎನ್ನುತ್ತ ವಾರ್ಡಿನುದ್ದಕ್ಕೂ ಓಡಾಡಿದಳು.

ಕಿಟಕಿ ಪಕ್ಕದ ಮಂಚದವಳೊಬ್ಬಳು ಪೊಟ್ಟಣವನ್ನು ಎದೆಗವಚಿಕೊಂಡು ಕೊಡಲೊಲ್ಲೆ ಎಂದಳು. "ಯಾರಮ್ಮ ನೀನು? ನೀನೇನು ಮನೇಲಿ ಹೊಟ್ಟೆ ತುಂಬ ಉಂಡು ಬಂದಿದ್ದೀಯ. ನಮ್ಮ ಬಾಯಿಂದ ಕಿತ್ಕೊಳ್ಳೋಕೆ ನಾಚಿಕೆ ಆಗಲ್ವಾ?"

ಅಷ್ಟರಲ್ಲಿ ಹಿರಿಯ ನರ್ಸ್ ಓಡಿಬಂದಳು. ದಪ್ಪ ಕನ್ನಡಕ, ಗಡಸು ದನಿ. ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ದೊಡ್ಡ ಸಿಸ್ಟರ್ ಎನ್ನುತ್ತಿದ್ದರು. "ಏನ್ರೀ ಗಲಾಟೆ? ದಾನ ಕೊಟ್ಟಿದ್ದನ್ನ ಕಿತ್ಕೊಳ್ತಿದ್ದೀರಲ್ಲ, ತಲೆ ಸರಿ ಇದೆಯಾ?"

"ಇದರಲ್ಲಿ ಲಿಸ್ಟೀರಿಯಾ ಇದೆ ಸಿಸ್ಟರ್. ಈ ಚುಕ್ಕಿ ನಾನೇ ಮಾಡಿಸಿದ್ದು. ಇದು ಸುಡೋಕೆ ಇಟ್ಟಿದ್ದ ಮಾಲು."

ದೊಡ್ಡ ಸಿಸ್ಟರ್ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು. "ಈಚೆಗೆ ಎರಡು ಮಕ್ಕಳು ಹೊಟ್ಟೇಲೇ ಹೋದ್ವು" ಎಂದಳು ಮೆಲ್ಲಗೆ. "ತಾಯಂದಿರಿಗೆ ಜ್ವರ ಬಂದಿತ್ತು. ಮೈ ಕಡೆ ಗಮನ ಕೊಟ್ಟಿಲ್ಲ ಅಂತ ಡಾಕ್ಟ್ರು ಅವರನ್ನೇ ಬೈದ್ರು. ನಾನೂ ಬೈದೆ." ಆಮೇಲೆ ತಾನೇ ಒಂದು ಬುಟ್ಟಿ ಎಳೆದುಕೊಂಡು ಬಂದು ಉಳಿದ ಮಂಚಗಳತ್ತ ನಡೆದಳು.

ಅಲ್ಲಿಂದ ಪುಟ್ಟಿ ನೇರ ಅಕ್ಕನ ಮನೆಗೆ ಹೋದಳು. ಭಾವ ಊಟಕ್ಕೆ ಕೂತಿದ್ದ. ಅಕ್ಕ ಬಡಿಸುತ್ತಿದ್ದಳು. ಪುಟ್ಟಿ ಪೊಟ್ಟಣವನ್ನು ಅವನ ತಟ್ಟೆಯ ಪಕ್ಕಕ್ಕೆ ಎಸೆದಳು.

"ತಿನ್ನಿ ಭಾವ."

ಭಾವ ಪೊಟ್ಟಣ ನೋಡಿದ, ಅವಳ ಮುಖ ನೋಡಿದ, ಮತ್ತೆ ತುತ್ತು ಕಲಸಿದ. "ಕೂತ್ಕೋ. ಬಿಸಿಲಲ್ಲಿ ಬಂದಿದ್ದೀಯ, ನೀರು ಕುಡಿ ಮೊದಲು."

"ಬಸುರಿಯರ ವಾರ್ಡಿಗೆ ಕಳಿಸಿದ್ದೀರಲ್ಲ ಇದನ್ನ! ಊರಲ್ಲಿ ಇಷ್ಟು ಜನ ಇದ್ರೂ, ಯಾರು ತಿಂದ್ರೆ ಸಾವು ಬರುತ್ತೋ ಅವರನ್ನೇ ಹುಡುಕಿದಿರಾ?"

"ಹುಡುಕೋದೇನು, ಅವರೇ ಕೇಳಿದ್ರು. ಬೇರೆ ಕಡೇನೂ ಹೋಗುತ್ತೆ. ಅನಾಥಾಲಯ ಇದೆ, ವೃದ್ಧಾಶ್ರಮ ಇದೆ." ಅವನ ದನಿ ಒಂದಿಷ್ಟೂ ಏರಲಿಲ್ಲ. "ನೋಡು ಪುಟ್ಟಿ, ನೀನೇ ಮೀಟಿಂಗ್‌ನಲ್ಲಿ ಹೇಳಿದ್ದೆ, ತಿಂದವರಿಗೆಲ್ಲ ಏನೂ ಆಗಲ್ಲ, ಕೆಲವರಿಗೆ ಮಾತ್ರ ಅಂತ. ನಿನ್ನ ಯಂತ್ರ ಬರೋಕೆ ಮುಂಚೆ ಇದೇ ಮಾಲು ಎಲ್ಲಾ ಅಂಗಡಿಗೂ ಹೋಗ್ತಿತ್ತು. ಆಗ ಯಾರೂ ಬೊಬ್ಬೆ ಹೊಡೀಲಿಲ್ಲ. ಈಗ ದುಡ್ಡು ಕೊಟ್ಟು ತಗೊಳ್ಳೋರಿಗಾದ್ರೂ ಒಳ್ಳೇದು ಸಿಗ್ತಿದೆ. ಅದು ನಿನ್ನ ಗೆಲುವೇ ಅಲ್ವಾ?"

ಪುಟ್ಟಿಗೆ ಮೈಯೆಲ್ಲ ಬೆಂಕಿ ಹತ್ತಿದಂತಾಯಿತು. ಅಷ್ಟು ವರ್ಷ ನಿದ್ದೆಗೆಟ್ಟು ತಾನು ಕಟ್ಟಿದ್ದು ವಿಷವನ್ನು ತಡೆಯುವ ಯಂತ್ರ ಎಂದುಕೊಂಡಿದ್ದಳು. ಭಾವನ ಕೈಯಲ್ಲಿ ಅದು ವಿಷವನ್ನು ಯಾರಿಗೆ ಬಡಿಸಬೇಕು ಎಂದು ಆರಿಸಿಕೊಡುವ ಯಂತ್ರವಾಗಿತ್ತು. ಕೊಯ್ಯುವ ಯಂತ್ರವನ್ನು ಅವನು ಏಕೆ ತೊಳೆಸಲಿಲ್ಲ ಎಂಬುದೂ ಈಗ ಅರ್ಥವಾಯಿತು. ಕೆಟ್ಟ ಮಾಲಿಗೂ ಒಂದು ದಾರಿ ಇರುವಾಗ, ಅದೂ ಹಾರ ಹಾಕಿಸಿಕೊಂಡು ಬರುವ ದಾರಿ ಇರುವಾಗ, ತೊಳೆಯುವ ಕಷ್ಟ ಯಾರಿಗೆ ಬೇಕು?

ಆಗ ಅಕ್ಕ ಸೌಟನ್ನು ಪಾತ್ರೆಯೊಳಗೆ ಇಟ್ಟಳು.

"ಕೆಂಪು ಚುಕ್ಕಿ ಅಂದ್ರೆ ತಾರೀಖು ಮುಗೀತಾ ಬಂದಿದ್ದು ಅಂತ ಹೇಳಿದ್ರಿ ನನಗೆ" ಎಂದಳು ಗಂಡನಿಗೆ.

ಭಾವ ಮಜ್ಜಿಗೆಯ ಲೋಟ ಹತ್ತಿರ ಎಳೆದುಕೊಂಡ.

"ನಾನೇ ಕೈಯಾರೆ ಕೊಟ್ಟಿದ್ದೀನಿ. ಪ್ರತಿ ಶುಕ್ರವಾರ ಹೋಗ್ತಿದ್ದೆ. ಒಬ್ಬೊಬ್ಬಳ ತಲೆ ಸವರಿ ಕೊಟ್ಟಿದ್ದೀನಿ. ಇನ್ನೊಂದು ತಗೋ ಮಗಳೇ, ಇಬ್ಬರಿಗೆ ತಿನ್ಬೇಕಲ್ಲ ನೀನು ಅಂತ..."

ಭಾವ ಕೈ ತೊಳೆದುಕೊಂಡು ಎದ್ದ. "ಆಯ್ತು, ನಾಳೆಯಿಂದ ನಿಲ್ಲಿಸ್ತೀನಿ. ಮುಗೀತಲ್ಲ? ಮನೆ ಮಾತು ಮನೇಲೇ ಇರಲಿ."

ಅಕ್ಕ ತಂಗಿಯ ಕೈ ಹಿಡಿದುಕೊಂಡಳು. "ಹೌದು ಪುಟ್ಟಿ. ನಿಲ್ಲಿಸ್ತಾರಂತೆ. ಹೊರಗೆ ಹೇಳ್ಬೇಡ ಕಣೇ. ಕಾರ್ಖಾನೆ ಮುಚ್ಚಿದ್ರೆ ಅಷ್ಟು ಹೆಂಗಸರ ಕೆಲಸ ಹೋಗುತ್ತೆ."

"ನಿಲ್ಸಿದ್ರೆ ಸಾಲದು ಅಕ್ಕ. ತಿಂದಾಗಿದೆಯಲ್ಲ! ಈ ರೋಗ ತಿಂದ ವಾರಗಳ ಮೇಲೂ ತಲೆ ಎತ್ತುತ್ತೆ. ಜ್ವರ ಬಂದ ಕೂಡ್ಲೇ ಸರಿಯಾದ ಔಷಧಿ ಕೊಟ್ರೆ ಮಗೂನ ಉಳಿಸ್ಬಹುದು. ಆದ್ರೆ ತಾವು ತಿಂದಿದ್ದೇನು ಅಂತ ಅವರಿಗೆ ಗೊತ್ತಿರ್ಬೇಕು. ನಾವು ಬಾಯಿ ಮುಚ್ಕೊಂಡು ಕೂತ್ರೆ, ಮನೆಗೆ ಹೋದವಳು ಸುಮ್ನೆ ಜ್ವರ ಅಂದ್ಕೊಂಡು ಕಂಬಳಿ ಹೊದ್ದು ಮಲಗ್ತಾಳೆ."

ಅಕ್ಕ ಕೈ ಬಿಟ್ಟಳು. ಪುಟ್ಟಿ ಹೊರಟುಬಂದಳು. ಹಿಂದಿನಿಂದ ಯಾರೂ ಕರೆಯಲಿಲ್ಲ.

ಸಂಸ್ಥೆಯಲ್ಲಿ ನಿರ್ದೇಶಕರು ಮಾತ್ರ, ವಿಷಯ ಕಿವಿಗೆ ಬಿದ್ದು, ಅವಳನ್ನು ಕರೆದು ಕೂರಿಸಿ, ಕಾಫಿ ತರಿಸಿ, ಒಪ್ಪಂದವನ್ನು ಮೇಜಿನ ಮೇಲೆ ಹರಡಿದರು. ಪರೀಕ್ಷೆಯ ಫಲಿತಾಂಶ ಕಾರ್ಖಾನೆಯ ಸ್ವತ್ತು, ಹೊರಗೆ ಬಿಡುವಂತಿಲ್ಲ ಎಂದು ಅಲ್ಲಿ ಬರೆದಿತ್ತು.

"ನಮ್ಮ ಕೆಲಸ ಸೆನ್ಸರ್ ಮಾಡೋದು. ಅದು ಸರಿಯಾಗಿ ಕೆಲಸ ಮಾಡಿದೆ. ಅದರಿಂದ ಅವರೇನು ಮಾಡ್ಕೋತಾರೆ ಅನ್ನೋದು ವಿಜ್ಞಾನದ ಪ್ರಶ್ನೆ ಅಲ್ಲ."

"ಹಾಗಾದ್ರೆ ಯಾರ ಪ್ರಶ್ನೆ ಸರ್?"

"ನೀವು ಭಾವುಕರಾಗ್ತಿದ್ದೀರಿ" ಎಂದರು ನಿರ್ದೇಶಕರು.

ಅವಳು ಭಾವುಕಳಾಗಿರಲಿಲ್ಲ, ಕೆಂಡವಾಗಿದ್ದಳು. ಎರಡಕ್ಕೂ ಇರುವ ವ್ಯತ್ಯಾಸ ಗೊತ್ತಾಗದಷ್ಟು ಕಾಲ ಆ ಮನುಷ್ಯ ಹವಾನಿಯಂತ್ರಿತ ಕೋಣೆಯಲ್ಲಿ ಕೂತಿದ್ದ. ಕಾಫಿಯನ್ನು ಮುಟ್ಟದೆ ಎದ್ದಳು. ಪ್ರಯೋಗಾಲಯಕ್ಕೆ ಹೋಗಿ, ಅಲ್ಲೇ ಉಳಿದಿದ್ದ, ತಾನು ಕಟ್ಟಿದ ಮೊದಲ ಯಂತ್ರವನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು, ಎಲ್ಲರೂ ನೋಡುತ್ತಿದ್ದಂತೆಯೇ ಮುಂಬಾಗಿಲಿನಿಂದ ಹೊರಗೆ ನಡೆದಳು.

ಆಹಾರ ಸುರಕ್ಷತೆಯ ಕಚೇರಿಯಲ್ಲಿ ಅಧಿಕಾರಿ ಅವಳ ಯಂತ್ರವನ್ನು ತಿರುಗಿಸಿ ನೋಡಿ, ಇದಕ್ಕಿನ್ನೂ ಸರ್ಕಾರದ ಮಾನ್ಯತೆ ಇಲ್ಲವಲ್ಲ, ಇದರ ಮಾತು ಕೇಳಿ ಕಾರ್ಖಾನೆಯ ಬಾಗಿಲು ತಟ್ಟಲಾಗುವುದಿಲ್ಲ ಎಂದು ಕೈಯಲ್ಲಾಡಿಸಿಬಿಟ್ಟ. ಮಾನ್ಯತೆಗೆ ಅರ್ಜಿ ಹಾಕಿ ವರ್ಷವಾಗಿತ್ತು. ಅರ್ಜಿ ಇದ್ದುದು ಅದೇ ಕಚೇರಿಯಲ್ಲಿ.

ಕೊನೆಗೆ ದಾರಿ ತೆರೆದವಳು ದೊಡ್ಡ ಸಿಸ್ಟರ್. ಅವಳು ಕಿತ್ತು ತಂದ ಪೊಟ್ಟಣಗಳಲ್ಲಿ ಒಂದನ್ನೂ ಎಸೆದಿರಲಿಲ್ಲ. ಎಲ್ಲವನ್ನೂ ಲಸಿಕೆ ಇಡುವ ಫ್ರಿಜ್ಜಿಗೆ ತುಂಬಿ, ಬೀಗ ಜಡಿದು, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಲಸಿಕೆಗಳು ಪಕ್ಕದ ವಾರ್ಡಿಗೆ ಹೋಗಿದ್ದವು. ಭಾವನ ಕಡೆಯವರು ಪೊಟ್ಟಣ ವಾಪಸು ಒಯ್ಯಲು ವ್ಯಾನು ತಂದಾಗ ಬಾಗಿಲಿಗೆ ಅಡ್ಡ ನಿಂತು, "ದಾನ ಕೊಟ್ಟಿದ್ದನ್ನ ವಾಪಸ್ ಕೇಳೋರು ಎಂಥಾ ದಾನಿಗಳಯ್ಯ ನೀವು?" ಎಂದು ಆಸ್ಪತ್ರೆಗೆಲ್ಲ ಕೇಳಿಸುವಂತೆ ಉಗಿದು ಕಳಿಸಿದಳಂತೆ.

"ನಿಮ್ಮ ಯಂತ್ರಕ್ಕೆ ಮಾನ್ಯತೆ ಇಲ್ದೆ ಇದ್ರೆ ಬೇಡ" ಎಂದಳು ಪುಟ್ಟಿಗೆ. "ಆಸ್ಪತ್ರೆಯ ಲ್ಯಾಬಿಗೆ ಇದೆಯಲ್ಲ. ಪೊಟ್ಟಣಾನೂ ಕಳಿಸೋಣ, ಜ್ವರ ಬಂದವರ ರಕ್ತಾನೂ ಕಳಿಸೋಣ. ಡಾಕ್ಟ್ರ ಹತ್ರ ನಾನು ಮಾತಾಡ್ತೀನಿ. ಅವರಿಗೆ ನನ್ನ ಕಂಡ್ರೆ ಭಯ."

ಗಾಜು ತೊಳೆಯುವ ಹೆಂಗಸಿಗೆ ಅಷ್ಟು ಹೊತ್ತಿಗಾಗಲೇ ಮೈ ಬೆಚ್ಚಗಾಗಿತ್ತು. ಲ್ಯಾಬಿನ ತಟ್ಟೆಗಳಲ್ಲಿ ಉತ್ತರ ಮೂಡುವ ತನಕ ಕಾಯದೆ ಡಾಕ್ಟರು ಔಷಧಿ ಶುರು ಮಾಡಿದರು. ಪುಟ್ಟಿ ಅವಳ ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತು ಆ ದಿನಗಳನ್ನು ಕಳೆದಳು. ಎದುರಿನ ಬೇಕರಿಯಿಂದ ಬಿಸಿ ಬ್ರೆಡ್ಡು ತರಿಸಿ ವಾರ್ಡಿಗೆಲ್ಲ ಹಂಚಿದಳು. ಕಿಟಕಿ ಪಕ್ಕದವಳು ಅದನ್ನು ತೆಗೆದುಕೊಂಡು, ತಿರುಗಿಸಿ ಮುರುಗಿಸಿ ನೋಡಿ, "ನೀನು ಮೊದಲು ತಿನ್ನು" ಎಂದಳು. ಪುಟ್ಟಿ ತಿಂದು ತೋರಿಸಿದಳು.

ತಟ್ಟೆಗಳು ಪುಟ್ಟಿಯ ಯಂತ್ರ ಹೇಳಿದ್ದನ್ನೇ ಹೇಳಿದವು. ಪೊಟ್ಟಣದಲ್ಲಿದ್ದುದೂ ರಕ್ತದಲ್ಲಿದ್ದುದೂ ಒಂದೇ. ಆಸ್ಪತ್ರೆಯೇ ವರದಿ ಕಳಿಸಿದ ಮೇಲೆ ಅಧಿಕಾರಿಗಳು ಕಾರ್ಖಾನೆಗೆ ಹೋದರು, ಕೊಯ್ಯುವ ಯಂತ್ರ ಬಿಚ್ಚಿಸಿದರು, ಬಾಗಿಲಿಗೆ ಮೊಹರು ಹಾಕಿದರು, ಅನಾಥಾಲಯಕ್ಕೂ ವೃದ್ಧಾಶ್ರಮಕ್ಕೂ ಎಚ್ಚರಿಕೆ ಕಳಿಸಿದರು. ಪತ್ರಿಕೆಯಲ್ಲಿ ಭಾವ ಕೈ ಜೋಡಿಸಿಕೊಂಡು ನಿಂತ ಚಿತ್ರ ಬಂತು. ಬಡವರ ಮೇಲಿನ ಮರುಕದಿಂದ ಕೊಟ್ಟೆವು, ಇನ್ನೂ ಪ್ರಯೋಗದ ಹಂತದಲ್ಲಿದ್ದ ಒಂದು ಯಂತ್ರವನ್ನು ನಂಬಿ ಮೋಸಹೋದೆವು ಎಂದು ಹೇಳಿಕೆ ಕೊಟ್ಟಿದ್ದ. ಮೋಸಹೋದವನು ಅವನಂತೆ! ಪುಟ್ಟಿ ಆ ಪತ್ರಿಕೆಯನ್ನು ಉಂಡೆ ಮಾಡಿ ಗೋಡೆಗೆ ಎಸೆದಳು. ಸಂಸ್ಥೆಯವರು ಅದೇ ವಾರ ಅವಳನ್ನು ಯೋಜನೆಯಿಂದ ತೆಗೆದು, ಯಂತ್ರ ವಾಪಸು ಕೊಡಿ ಎಂದರು. ಕೊಟ್ಟಳು. ಅದನ್ನು ಮತ್ತೆ ಕಟ್ಟುವುದು ಹೇಗೆಂದು ಅವಳ ಕೈಗೆ ಗೊತ್ತಿತ್ತು.

ಗಾಜು ತೊಳೆಯುವ ಹೆಂಗಸಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಮಗು ಅಂಗೈಯಷ್ಟಿತ್ತು, ಆದರೆ ಬದುಕಿತು.

ಮನೆಗೆ ಹೋಗಿಬಿಟ್ಟವರನ್ನು ಹುಡುಕುವ ಕೆಲಸ ಉಳಿದಿತ್ತು. ಆಸ್ಪತ್ರೆಯಲ್ಲಿದ್ದ ವಿಳಾಸಗಳು ಅರೆಬರೆ. ದೊಡ್ಡ ಸಿಸ್ಟರ್ ಮತ್ತು ಪುಟ್ಟಿ ಗಲ್ಲಿಗಲ್ಲಿ ಸುತ್ತುತ್ತಿದ್ದರು. ಒಂದು ಬೆಳಿಗ್ಗೆ ಆಸ್ಪತ್ರೆಯ ಗೇಟಿನ ಬಳಿ ಅಕ್ಕ ನಿಂತಿದ್ದಳು. ಮುಖ ಇಳಿದುಹೋಗಿತ್ತು. ಪುಟ್ಟಿಯ ಕಡೆ ನೋಡದೆ ಸಿಸ್ಟರಿಗೆ ಹೇಳಿದಳು: "ಮುಖ ನನಗೆ ಗೊತ್ತು. ಯಾರ್ಯಾರಿಗೆ ಕೊಟ್ಟೆ ಅಂತ ಎಲ್ಲಾ ಮುಖಾನೂ ಗೊತ್ತು. ನಾನೂ ಬರ್ತೀನಿ." ಪುಟ್ಟಿ ಅವಳ ಕೈಗೆ ವಿಳಾಸಗಳ ಪಟ್ಟಿ ಕೊಟ್ಟಳು. ಭಾವನಿಗೆ ಹೇಳಿ ಬಂದಳೋ, ಅವನನ್ನು ಬಿಟ್ಟೇ ಬಂದಳೋ, ಗೊತ್ತಾಗಲಿಲ್ಲ.

ಹಲವು ಮನೆಗಳಲ್ಲಿ ಎಲ್ಲ ಸರಿಯಿತ್ತು. ಹೆಂಗಸರು ಅಕ್ಕನನ್ನು ಗುರುತು ಹಿಡಿದು ಕುರ್ಚಿ ಹಾಕಿದರು. ಅದು ಅಕ್ಕನಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಒಂದು ಮನೆಯಲ್ಲಿ ಜ್ವರದಲ್ಲಿ ಮಲಗಿದ್ದವಳನ್ನು ಆಗಲೇ ಆಟೋದಲ್ಲಿ ಹಾಕಿಕೊಂಡು ಬಂದರು.

ಕಡೆಗೆ, ಮಗು ಕಳೆದುಕೊಂಡಿದ್ದ ಇಬ್ಬರಲ್ಲಿ ಒಬ್ಬಳ ಮನೆ ಸಿಕ್ಕಿತು. ಮಹಡಿಯ ಮೇಲಿನ ಒಂದೇ ಕೋಣೆ. ಹೊಲಿಗೆ ಯಂತ್ರ, ಅದರ ಮೇಲೆ ಅರ್ಧ ಹೊಲಿದ ಅಂಗಿ. ಚಿಕ್ಕ ವಯಸ್ಸಿನವಳು, ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಪುಟ್ಟಿ ಒಂದನ್ನೂ ಬಚ್ಚಿಡದೆ ಹೇಳಿದಳು: ಯಂತ್ರ ತನ್ನದು, ಕಾರ್ಖಾನೆ ಭಾವನದು, ಕೊಟ್ಟ ಕೈ ಅಕ್ಕನದು.

"ಅಂದ್ರೆ ನಿಮಗೆ ಮೊದಲೇ ಗೊತ್ತಿತ್ತು" ಎಂದಳು ಅವಳು. "ಅದು ಕೆಟ್ಟಿದೆ ಅಂತ ಯಂತ್ರ ಇಟ್ಟು ನೋಡಿ, ಗುರುತು ಹಾಕಿ, ಆಮೇಲೆ ಕೊಟ್ರಿ."

"ಹೌದು" ಎಂದಳು ಪುಟ್ಟಿ. ತನಗೆ ಗೊತ್ತಿರಲಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು.

"ನನ್ನ ಅತ್ತೆ ಅಂದ್ರು, ನೀನು ಹೊಲಿಗೆ ಮಷೀನ್ ತುಳಿದಿದ್ದಕ್ಕೇ ಮಗು ಹೋಯ್ತು ಅಂತ. ನನ್ನ ಗಂಡ ನನ್ನ ಹತ್ರ ಮಾತು ಬಿಟ್ಟ. ನನ್ನ ಕಾಲನ್ನ ನಾನೇ ಬೈಕೊಂಡು ಕೂತಿದ್ದೆ. ಇಷ್ಟು ದಿನ!" ದನಿ ಏರುತ್ತಾ ಹೋಯಿತು. ಕೆಳಗಿನ ಮನೆಯವರು ಮೆಟ್ಟಿಲ ಬಳಿ ಬಂದು ನಿಂತರು. ಅವಳು ಯಾರನ್ನೂ ಬಿಡಲಿಲ್ಲ. ಕಾರ್ಖಾನೆಯನ್ನು ಬೈದಳು, ಆಸ್ಪತ್ರೆಯನ್ನು ಬೈದಳು, ನೀನೇ ಸರಿಯಾಗಿ ನೋಡಿಕೊಂಡಿಲ್ಲ ಎಂದಿದ್ದ ದೊಡ್ಡ ಸಿಸ್ಟರಿಗೆ ಬೆರಳು ತೋರಿಸಿ ಬೈದಳು. ಸಿಸ್ಟರ್ ತಲೆ ತಗ್ಗಿಸಿದಳು. ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕತೊಡಗಿದಳು.

"ನೀವು ಅಳ್ಬೇಡಿ" ಎಂದಳು ಆ ಹುಡುಗಿ. "ನಾನಿನ್ನೂ ಮುಗಿಸಿಲ್ಲ."

ಅಕ್ಕ ಕಣ್ಣೊರೆಸಿಕೊಂಡಳು. ಮೂವರೂ ಹೊಸ್ತಿಲಾಚೆ ನೆಲದ ಮೇಲೆ ಕೂತರು. ಅವಳು ಮತ್ತೆ ಶುರು ಮಾಡಿದಳು.